ಎರಡು ಡೇರೆ ಹಾಕುವಷ್ಟು ಜಾಗ

ಕಮಲನಗರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಹತ್ತಿರವಿಲ್ಲ. ಆದರೂ ಏಪ್ರಿಲ್ ಬಂತೆಂದರೆ ನಮ್ಮ ಕಡೆಯ ಹುಡುಗರು ಗೋಕರ್ಣವೋ ಮಾಲವಣವೋ ಎಂದು ಚರ್ಚೆಗೆ ಕೂರುತ್ತಾರೆ. ಟೆಂಟ್ ಹಾಕಲು ಜಾಗ ಎಲ್ಲಿದೆ, ದಾರಿ ಬಲ್ಲವರು ಯಾರು, ಮಳೆ ಹಿಡಿಯುವ ಮುಂಚೆ ವಾಪಸು ಬರಲಾಗುತ್ತದೆಯೇ? ಈ ಮಾತುಗಳನ್ನು ಕೇಳಿದಾಗ ನನಗೆ ನೆನಪಾಗುವುದು ಐದೂವರೆ ಶತಮಾನದ ಹಿಂದೆ ಇದೇ ಬೀದರದಿಂದ ಕರಾವಳಿಗೆ ಹೊರಟ ಬಹಮನಿ ಸೈನ್ಯ. ಅವರ ಮುಂದೆಯೂ ಇದ್ದದ್ದು ಇವೇ ಪ್ರಶ್ನೆಗಳು.

ರಾಜಧಾನಿ ಒಳನಾಡಿನಲ್ಲಿದ್ದರೂ ಬಹಮನಿಗಳ ಬದುಕು ಸಮುದ್ರಕ್ಕೆ ಕಟ್ಟಿಕೊಂಡಿತ್ತು. ಅರಬ್ ಮತ್ತು ಪರ್ಶಿಯಾದ ಕುದುರೆಗಳು, ಅವುಗಳ ಜೊತೆಗೆ ವರ್ತಕರು, ವಿದ್ವಾಂಸರು ದಾಭೋಳ, ಚೌಲ್ ಬಂದರುಗಳಲ್ಲಿ ಇಳಿದು ಬರುತ್ತಿದ್ದರು. ಆದರೆ ಬಂದರಿಗೂ ಬೀದರಕ್ಕೂ ನಡುವೆ ಸಹ್ಯಾದ್ರಿ. ಅಲ್ಲಿನ ಕಾಡು, ಕೋಟೆಗಳು ಶಿರ್ಕೆ, ಖೇಳ್ಣಾ, ಸಂಗಮೇಶ್ವರದ ಒಡೆಯರ ಕೈಯಲ್ಲಿದ್ದವು.

15ನೆಯ ಶತಮಾನದ ನಡುಭಾಗದಲ್ಲಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್, ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದಿದ್ದ ಖಲಫ್ ಹಸನ್ ಬಸ್ರಿಯನ್ನು ಕೊಂಕಣಕ್ಕೆ ಕಳಿಸಿದ. ಸೋತ ಶಿರ್ಕೆ ತಾನೇ ಮುಂದೆ ನಿಂತು ಖೇಳ್ಣಾಕ್ಕೆ ದಾರಿ ತೋರಿಸುತ್ತೇನೆಂದ. ದಖನಿ ಮತ್ತು ಹಬಶಿ ಸೈನಿಕರಲ್ಲಿ ಕೆಲವರು ಬರುವುದಿಲ್ಲ ಎಂದು ಹಿಂದೆ ಉಳಿದರು. ಬಿಜಾಪುರದಲ್ಲಿ ಕೂತು ಒಂದೂವರೆ ಶತಮಾನದ ಬಳಿಕ ಇತಿಹಾಸ ಬರೆದ ಫರಿಷ್ತಾ ಪ್ರಕಾರ, ಮೊದಲ ಎರಡು ದಿನ ದಾರಿ ಅಗಲವಾಗಿತ್ತು. ಮೂರನೆಯ ದಿನ ಹೊಕ್ಕದ್ದು ದಟ್ಟ ಕಾಡು. ಸೇನಾಪತಿಗೆ ರಕ್ತಭೇದಿ. ಎರಡು ಡೇರೆಗಳನ್ನು ಅಕ್ಕಪಕ್ಕ ಹಾಕುವಷ್ಟು ಸಮತಟ್ಟು ನೆಲವೂ ಅಲ್ಲಿರಲಿಲ್ಲ. ದಣಿದವರು ಸಿಕ್ಕಲ್ಲಿ ಬಿದ್ದುಕೊಂಡರು. ರಾತ್ರಿ ಶಿರ್ಕೆ ಮತ್ತು ಖೇಳ್ಣಾದವರು ಸೇರಿ ಮೇಲೆ ಬಿದ್ದಾಗ, ಬೀಸುಗಾಳಿಗೆ ಮರಗಳ ಸದ್ದಿನಲ್ಲಿ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಲಿಲ್ಲ. ಸೇನಾಪತಿಯೂ ಸತ್ತ.

ಇದನ್ನು ಶಿರ್ಕೆಯ ಮೋಸದ ಕತೆಯಾಗಿ ಹೇಳುವುದು ರೂಢಿ. ಸುಲ್ತಾನನ ಕಡೆಯಿಂದ ನೋಡಿದರೆ ಮೋಸವೇ. ಆದರೆ ತನ್ನ ನೆಲಕ್ಕೆ ನುಗ್ಗಿದವನಿಗೆ ಯಾರಾದರೂ ಒಳ್ಳೆಯ ದಾರಿಯನ್ನು ಏಕೆ ತೋರಿಸುತ್ತಾರೆ? ಬೀದರದ ಬಯಲಲ್ಲಿ ಸಾಲಾಗಿ ಡೇರೆ ಹೊಡೆದು ರೂಢಿಯಾದ ಸೈನ್ಯಕ್ಕೆ, ಬೀಡುಬಿಡಲು ಆಗದ ನೆಲವೂ ಇರುತ್ತದೆ ಎಂಬುದು ಹೊಳೆಯಲಿಲ್ಲ. ಅದೇ ಅವರ ಮೊದಲ ಸೋಲು ಎಂದು ನನಗನಿಸುತ್ತದೆ.

ಅದೇ ಬಿರುದು ಮುಂದೆ ಮಹಮೂದ್ ಗವಾನನಿಗೆ ಬಂತು. ಗವಾನ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನ್ ಸೀಮೆಯಲ್ಲಿ; ದಾಭೋಳದಲ್ಲಿ ಹಡಗಿನಿಂದ ಇಳಿದು ಬೀದರಕ್ಕೆ ಬಂದವನು. 1469ರಲ್ಲಿ ಕೊಂಕಣಕ್ಕೆ ಹೊರಟಾಗ ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ರಾಜಧಾನಿಯಿಂದ ತಂದ ಕುದುರೆ ಪಡೆಯನ್ನು ಹಿಂದಕ್ಕೆ ಕಳಿಸಿದ್ದು. ಆ ಕಾಡಿನಲ್ಲಿ ಅದರಿಂದ ಉಪಯೋಗವಿರಲಿಲ್ಲ. ಜುನ್ನರ, ದಾಭೋಳದ ಕಡೆಯ ದಂಡುಗಳನ್ನು ಕರೆಸಿಕೊಂಡು, ಕಾಡನ್ನು ಕಡಿದು, ಸುಟ್ಟು ದಾರಿ ಮಾಡಿದ. ಖೇಳ್ಣಾಕ್ಕೆ, ಅಂದರೆ ಇಂದಿನ ವಿಶಾಳಗಡಕ್ಕೆ, ಐದು ತಿಂಗಳು ಮುತ್ತಿಗೆ ಹಾಕಿದ. ಕೋಟೆ ಬೀಳಲಿಲ್ಲ, ಮಳೆಗಾಲ ಬಂತು.

ಈಗ ಅವನು ತೆಗೆದುಕೊಂಡ ತೀರ್ಮಾನ ನೋಡಿ. ಕೋಟೆಯ ಬುಡದಲ್ಲೂ ಉಳಿಯಲಿಲ್ಲ, ಬೀದರಕ್ಕೂ ಮರಳಲಿಲ್ಲ. ಘಟ್ಟ ಹತ್ತಿ ಕೊಲ್ಹಾಪುರದ ಸೀಮೆಗೆ ಬಂದು, ಹುಲ್ಲು ಹೊದಿಸಿದ ಗುಡಿಸಲುಗಳನ್ನು ಕಟ್ಟಿಸಿ ಮಳೆ ಕಳೆದ. ಕೊಂಕಣದ ರತ್ನಾಗಿರಿ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬೀದರದಲ್ಲಿ 900ರ ಒಳಗೆ. ಬಟ್ಟೆಯ ಡೇರೆ ಅಲ್ಲಿ ಎಷ್ಟು ದಿನ ತಾಳೀತು? ಮಳೆ ನಿಂತ ಮೇಲೆ ಮತ್ತೆ ಇಳಿದ. ಖೇಳ್ಣಾ ಕೊನೆಗೆ ಉಪಾಯ ಮತ್ತು ಹಣದಿಂದ ಕೈಗೆ ಬಂತು. 1472ರಲ್ಲಿ ನೆಲದ ಮೇಲಿಂದಲೂ ಹಡಗುಗಳಿಂದಲೂ ಮುತ್ತಿ, ವಿಜಯನಗರದ ಕೈಯಲ್ಲಿದ್ದ ಗೋವಾ ಬಂದರನ್ನು ಹಿಡಿದ. ಹಣವನ್ನೂ ಹಡಗುಗಳನ್ನೂ ಇತಿಹಾಸಕಾರರು ಬಣ್ಣಿಸುತ್ತಾರೆ. ಆ ಹುಲ್ಲಿನ ಗುಡಿಸಲುಗಳಿಗೆ ಸಿಗುವುದು ಒಂದೇ ಸಾಲು.

ಅದೇ ಕಾಲದಲ್ಲಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಚೌಲ್‌ನಲ್ಲಿ ಇಳಿದು ಜುನ್ನರಕ್ಕೆ ಬಂದು, ಮಳೆಯಿಂದಾಗಿ ಎರಡು ತಿಂಗಳು ಅಲ್ಲೇ ಉಳಿದ. ನಾಲ್ಕು ತಿಂಗಳು ಹಗಲಿರುಳು ಎಲ್ಲೆಲ್ಲೂ ನೀರು, ಕೆಸರು ಎಂದು ಅವನ ಬರಹದಲ್ಲಿದೆ. ಬೀದರಕ್ಕೆ ಬಂದ ಮೇಲೆ, ಸಮುದ್ರದಲ್ಲಿ ದರೋಡೆ ನಡೆಸುತ್ತಿದ್ದ ಎರಡು ಊರುಗಳನ್ನು ಮಲಿಕ್-ಉತ್-ತುಜ್ಜಾರ್ ಗೆದ್ದದ್ದನ್ನೂ, ಬಕ್ರೀದ್ ಹೊತ್ತಿಗೆ ದಂಡು ಮರಳಿದ್ದನ್ನೂ ಬರೆದಿದ್ದಾನೆ. ಗವಾನ ಕೋಟೆಯ ಮುಂದೆ ಎರಡು ವರ್ಷ ನಿಂತಿದ್ದ ಎಂದು ಅವನ ಲೆಕ್ಕ. ನಡುವೆ ಘಟ್ಟ ಹತ್ತಿ ಇಳಿದದ್ದು ಅವನ ಕಿವಿಗೆ ಬಿದ್ದಿರಲಾರದು.

ಫರಿಷ್ತಾನ ಆ ಒಂದೇ ಸಾಲಿನ ಪಕ್ಕದಲ್ಲೇ ಇನ್ನೊಂದು ವಿವರವಿದೆ, ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುವುದು ಅದೇ. ಗವಾನ ಘಟ್ಟ ಹತ್ತುವ ಮುಂಚೆ, ಗೆದ್ದ ಕಣಿವೆದಾರಿಗಳು ಕೈತಪ್ಪದಂತೆ ಹತ್ತು ಸಾವಿರ ಕಾಲಾಳುಗಳನ್ನು ಕಾವಲಿಗೆ ಬಿಟ್ಟ. ಅವರು ಆ ಹವೆಗೆ ಒಗ್ಗಿದವರು, ನಂಬಬಹುದಾದವರು ಎಂದಷ್ಟೇ ವಿವರ. ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಮೇಲೆ ಕೊಲ್ಹಾಪುರದಲ್ಲಿ ಗುಡಿಸಲು ಕಟ್ಟಿದ್ದು ದಾಖಲಾಯಿತು. ಕೆಳಗೆ ಆ ಹತ್ತು ಸಾವಿರ ಮಂದಿ ನಾಲ್ಕು ತಿಂಗಳು ಯಾವ ಸೂರಿನಡಿ ಮಲಗಿದರು ಎಂಬುದನ್ನು ಫರಿಷ್ತಾ ಬರೆಯಲಿಲ್ಲ.