ಗಂಧದ ಎಣ್ಣೆ ಮತ್ತು ಸಾಣೆಕಲ್ಲು

ಈಚೆಗೆ ಪೇಟೆಯ ಔಷಧಿ ಅಂಗಡಿಗಳಲ್ಲಿ ಬೆರಳುದ್ದದ ಕಂದು ಸೀಸೆಗಳು ಸಾಲಾಗಿ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಲ್ಯಾವೆಂಡರ್, ನಿಂಬೆಹುಲ್ಲು, ನೀಲಗಿರಿ, ಶ್ರೀಗಂಧ. ಎರಡು ಹನಿ ಬಿಸಿನೀರಿಗೆ ಹಾಕಿ ಮೂಸಿದರೆ ತಲೆಭಾರ ಇಳಿಯುತ್ತದೆ, ನಿದ್ದೆ ಬರುತ್ತದೆ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಇದಕ್ಕೆ ಅರೋಮಾಥೆರಪಿ ಎಂದು ಹೆಸರು. ಹೆಸರಿಟ್ಟವನು ಫ್ರಾನ್ಸಿನ ಗಟ್ಟೆಫೋಸೆ ಎಂಬ ರಸಾಯನಶಾಸ್ತ್ರಜ್ಞ. 1937ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. ಮಗುವಿಗೆ ನೀರೆರೆದು ಸಾಂಬ್ರಾಣಿ ಹೊಗೆ ಹಾಕುತ್ತಿದ್ದ, ನೀರಿನ ಮಡಕೆಗೆ ಲಾವಂಚದ ಬೇರು ಬಿಡುತ್ತಿದ್ದ ನಮ್ಮ ಅಜ್ಜಿಯರು ಅದಕ್ಕೆ ಹೆಸರಿಡುವ ಗೋಜಿಗೆ ಹೋಗಿರಲಿಲ್ಲ.

ಆ ಸಾಲಿನಲ್ಲಿ ದುಬಾರಿಯಾದದ್ದು ಗಂಧದ ಸೀಸೆ. ಮೇಲೆ ‘ಮೈಸೂರು’ ಎಂಬ ಮಾತಿದ್ದರಂತೂ ಕೈಗೆಟುಕುವಂತಿಲ್ಲ. ನಮ್ಮ ಕೊಪ್ಪ ಹಳೆಯ ಮೈಸೂರು ಸೀಮೆಯದೇ ಊರು, ಮದ್ದೂರು ತಾಲ್ಲೂಕು. ಆದರೂ ನಾನು ಬೆಳೆದ ಮನೆಯಲ್ಲಿ ಗಂಧದೆಣ್ಣೆಯನ್ನು ಯಾರೂ ಕಂಡಿರಲಿಲ್ಲ. ನಮ್ಮೂರಿನ ಪರಿಮಳವೆಂದರೆ ಆಲೆಮನೆಯ ಪಾಕದ್ದು. ದೇವರ ಗೂಡಿನಲ್ಲಿ ಒಂದು ಸಾಣೆಕಲ್ಲು, ಹೆಬ್ಬೆರಳಷ್ಟು ಸವೆದ ಒಂದು ಗಂಧದ ಕೊರಡು ಇದ್ದವು, ಅಷ್ಟೆ. ಬೆವರುಸಾಲೆಗೆ, ತಲೆನೋವಿಗೆ ಅದನ್ನೇ ತೇಯ್ದು ಹಚ್ಚುತ್ತಿದ್ದರು. ಮೈಸೂರಿನ ಎಣ್ಣೆ ಮೈಸೂರು ಸೀಮೆಯ ಹೆಂಗಸರಿಗೇ ಏಕೆ ಸಿಗಲಿಲ್ಲ?

ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಒಡೆಯರ ಆಳ್ವಿಕೆಯಲ್ಲೂ ಅದೇ ನಡೆಯಿತು. ಮರ ಯಾರ ಬದುವಿನಲ್ಲಿ ಹುಟ್ಟಿದರೂ ದೊರೆಯ ಸೊತ್ತು. ಅರಮನೆ ಹರಾಜು ಹಾಕಿದ ಕೊರಡುಗಳು ಹಡಗು ಹತ್ತಿ ಹೋಗುತ್ತಿದ್ದವು. ಎಣ್ಣೆ ಇಳಿಸುತ್ತಿದ್ದವರು ಮುಖ್ಯವಾಗಿ ಜರ್ಮನಿಯವರು. ಬರಿಯ ಅತ್ತರಿಗಲ್ಲ ಮತ್ತೆ. ಪೆನಿಸಿಲಿನ್ ಬರುವ ಮುಂಚೆ ಯೂರೋಪಿನ ವೈದ್ಯರು ಗುಪ್ತರೋಗಕ್ಕೆ ಗಂಧದೆಣ್ಣೆಯನ್ನು ಗುಳಿಗೆಯಲ್ಲಿ ತುಂಬಿ ನುಂಗಿಸುತ್ತಿದ್ದರು. ನಾವು ದೇವರ ಹಣೆಗೆ ಹಚ್ಚಿದ್ದು ಅಲ್ಲಿ ಯಾವ ಕೆಲಸಕ್ಕೆ ಬಂತು ನೋಡಿ!

1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಯ ದಾರಿ ಮುಚ್ಚಿತು. ಕೊರಡುಗಳು ಇಲ್ಲೇ ಉಳಿದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯನವರು. ಕೈಗಾರಿಕೆಯ ಹೊಣೆ ಹೊತ್ತಿದ್ದ ಆಲ್‌ಫ್ರೆಡ್ ಚಾಟರ್ಟನ್, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೊ, ವಾಟ್ಸನ್ ಎಂಬ ಪ್ರಾಧ್ಯಾಪಕರ ನೆರವಿನಿಂದ ಇಲ್ಲೇ ಬಟ್ಟಿ ಇಳಿಸುವ ಪ್ರಯೋಗ ಮಾಡಿಸಿದರು. 1916-17ರ ಹೊತ್ತಿಗೆ ಸರ್ಕಾರದ ಕಾರ್ಖಾನೆಯೇ ಎದ್ದಿತು. ಎಸ್.ಜಿ. ಶಾಸ್ತ್ರಿಗಳ ದುಡಿಮೆಯಿಂದ ಗಂಧದ ಸಾಬೂನು ಬಂತು. ಆನೆಯ ತಲೆ, ಸಿಂಹದ ಮೈಯ ಆ ಶರಭದ ಗುರುತು ನಿಮಗೆ ಗೊತ್ತೇ ಇದೆ. ನಮ್ಮ ಕಡೆ ಮದುವೆಯ ಹೆಣ್ಣಿಗೆ ಒಂದು ಬಿಲ್ಲೆ ಕೊಟ್ಟರೆ ದೊಡ್ಡ ಮರ್ಯಾದೆ. ಎಣ್ಣೆ ಮಾತ್ರ ಪರದೇಶಕ್ಕೇ ಹೋಯಿತು.

ಎಣ್ಣೆ ತೆಗೆಯುವುದು ಸಲೀಸಲ್ಲ. ಹೊರಗಿನ ಬಿಳಿಮರಕ್ಕೆ ಪರಿಮಳವಿಲ್ಲ. ಇರುವುದೆಲ್ಲ ಒಳಗಿನ ಚೇಗಿನಲ್ಲಿ, ಬೇರಿನಲ್ಲಿ. ಆದ್ದರಿಂದ ಗಂಧವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಚೇಗನ್ನು ಪುಡಿ ಮಾಡಿ ಗಂಟೆಗಟ್ಟಲೆ ಹಬೆ ಹಾಯಿಸಿ, ಹಬೆ ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ನೂರು ಕೆ.ಜಿ. ಒಳ್ಳೆಯ ಚೇಗಿಗೆ ನಾಲ್ಕೈದು ಕೆ.ಜಿ. ಎಣ್ಣೆ. ಚೇಗು ಬಲಿಯಲು ದಶಕಗಳು ಬೇಕು.

ಅಷ್ಟು ವರ್ಷ ಕಾಯುವವರು ಯಾರು? ಸ್ವಾತಂತ್ರ್ಯ ಬಂದ ಮೇಲೂ ಮರ ಸರ್ಕಾರದ್ದೇ ಆಗಿತ್ತು. ಹಕ್ಕಿ ಹಣ್ಣು ತಿಂದು ಬೇಲಿಯಲ್ಲಿ ಬೀಜ ಉದುರಿಸುತ್ತಿತ್ತು, ಸಸಿ ತಾನಾಗಿ ಏಳುತ್ತಿತ್ತು. ನಮ್ಮಜ್ಜಿ ಹುಲ್ಲು ಕೀಳಲು ಹೋದಾಗ ಆ ಸಸಿಯನ್ನೂ ಕಿತ್ತು ಎಸೆಯುತ್ತಿದ್ದರು. ಯಾಕಜ್ಜಿ ಎಂದರೆ, “ಅದು ಸರ್ಕಾರದ್ದು ಕಣವ್ವ. ಬೆಳೆಸಾದು ನಾವು, ಕಳ್ಳ ಕುಯ್ಕೊಂಡೋದ್ರೆ ಕೈಕಟ್ಟಿ ನಿಂತ್ಕಳಾದೂ ನಾವೇ” ಎನ್ನುತ್ತಿದ್ದರು. ಶುಕ್ರವಾರ ಗಂಧ ತೇಯದೆ ಬಾಯಿಗೆ ನೀರು ಹಾಕದ ಹೆಂಗಸು ಅವರು! ಗಂಧದ ನಾಡು ಬರಿದಾದದ್ದಕ್ಕೆ ಎಲ್ಲರೂ ಕಾಡುಗಳ್ಳರನ್ನು ಬೈಯುತ್ತಾರೆ. ಬೈಯಲಿ. ಆದರೆ ಹೀಗೆ ಬೇಲಿಸಾಲಿನಲ್ಲಿ ಸದ್ದಿಲ್ಲದೆ ಸತ್ತ ಸಸಿಗಳ ಲೆಕ್ಕ ಯಾವ ಕಚೇರಿಯಲ್ಲೂ ಇರಲಾರದು.

2001ರಲ್ಲಿ ಕಾಯಿದೆ ತಿದ್ದಿ, ಜಮೀನಿನವನೇ ಮರದ ಒಡೆಯ ಎಂದರು. ಆ ಹೊತ್ತಿಗೆ ಆಸ್ಟ್ರೇಲಿಯಾದವರು ನಮ್ಮದೇ ಜಾತಿಯ ಗಂಧವನ್ನು ತೋಟಗಟ್ಟಲೆ ನೆಡಲು ಶುರುಮಾಡಿದ್ದರು.

ಸೀಸೆ ಕೊಳ್ಳುವ ಅಕ್ಕತಂಗಿಯರಿಗೆ ಒಂದೆರಡು ಮಾತು. ಅಗ್ಗಕ್ಕೆ ಸಿಕ್ಕ ಗಂಧದೆಣ್ಣೆಯನ್ನು ನಂಬಬೇಡಿ. ಯಾವ ಎಣ್ಣೆಯನ್ನೂ ಹಾಗೇ ಮೈಗೆ ಸವರಬಾರದು. ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಕುಡಿಯಲಂತೂ ಕೂಡದು. ನೀಲಗಿರಿ ಎಣ್ಣೆ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಕರ್ಪೂರವೂ ಅಷ್ಟೆ. ಎರಡನ್ನೂ ಎತ್ತರದ ಗೂಡಿನಲ್ಲಿಡಿ.

ಕೊಪ್ಪದಲ್ಲಿ ನಮ್ಮಣ್ಣ ಈಗ ಬದುವಿನ ಮೇಲೆ ಹತ್ತು ಗಂಧದ ಸಸಿ ನೆಟ್ಟಿದ್ದಾನೆ. ಗಂಧ ಪಕ್ಕದ ಗಿಡದ ಬೇರಿನಿಂದ ಸಾರ ಹೀರುವ ಜಾತಿಯಾದ್ದರಿಂದ ಒಂದೊಂದರ ಬುಡಕ್ಕೂ ತೊಗರಿ ಹಾಕಿದ್ದಾನೆ. ಕೀಳುವಾಗ ಅನುಮತಿ ಬೇಕು, ಅದಕ್ಕೆ ಮುಂಚೆ ಕಳ್ಳರಿಂದ ಉಳಿಯಬೇಕು. “ಇದ್ನ ಕಾಯೋರ್ಯಾರು?” ಎಂದು ಅತ್ತಿಗೆ ಗೊಣಗುತ್ತಾರೆ. ಸಂಜೆ ನೀರು ಹಾಕುವವರೂ ಅವರೇ.