ಮನೆಯ ಬಾಗಿಲಿಗೆ ಬಂದ ಶಾಲಾದಾದಿ

ಶಾಲೆಗಳ ಚರಿತ್ರೆಯನ್ನು ಬರೆಯುವವರು ಕಟ್ಟಡ ಕಟ್ಟಿಸಿದವರನ್ನೂ ಪಾಠ ಹೇಳಿದವರನ್ನೂ ತಪ್ಪದೆ ಸ್ಮರಿಸುತ್ತಾರೆ. ಮಕ್ಕಳ ಹುಣ್ಣುಗಳನ್ನು ತೊಳೆದು ಔಷಧಿ ಹಚ್ಚಿದವರ ಹೆಸರು ಮಾತ್ರ ಬಹುಮಟ್ಟಿಗೆ ಮರೆತುಹೋಗುತ್ತದೆ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಲೀನಾ ರಾಜರ್ಸ್ ಎಂಬ ದಾದಿಯ ಸೇವಾಜೀವನವನ್ನು ಓದುಗ ಬಾಂಧವರ ಮುಂದಿಡಲು ನಾವು ಬಯಸುತ್ತೇವೆ.

ಈಕೆ 1870ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರಾಂಟೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಹೊಂದಿ, ಮುಂದೆ ನ್ಯೂಯಾರ್ಕಿನ ಹೆನ್ರಿ ಸ್ಟ್ರೀಟ್ ದಾದಿಯರ ಸಂಸ್ಥೆಯನ್ನು ಸೇರಿದರು. ಲಿಲಿಯನ್ ವಾಲ್ಡ್ ಎಂಬ ದಾದಿ 1893ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು, ಪರದೇಶಗಳಿಂದ ವಲಸೆ ಬಂದು ಇಕ್ಕಟ್ಟಾದ ಕೋಣೆಗಳಲ್ಲಿ ಬದುಕುತ್ತಿದ್ದ ಬಡ ಕುಟುಂಬಗಳ ನಡುವೆಯೇ ನೆಲೆಯೂರಿತ್ತು.

ನ್ಯೂಯಾರ್ಕಿನ ಶಾಲೆಗಳಲ್ಲಿ 1897ರಿಂದಲೇ ವೈದ್ಯರ ತಪಾಸಣೆ ನಡೆಯುತ್ತಿತ್ತು. ಕಣ್ಣುಬೇನೆ, ಕಜ್ಜಿ, ಹುಳುಕಡ್ಡಿ, ತಲೆಹೇನು ಇವುಗಳಲ್ಲಿ ಯಾವುದು ಕಂಡರೂ ಮಗುವನ್ನು ಮನೆಗೆ ಕಳುಹಿಸಲಾಗುತ್ತಿತ್ತು. ಚಿಕಿತ್ಸೆಯ ಹೊಣೆ ಯಾರದೂ ಆಗಿರಲಿಲ್ಲ. ಹೊರಗೆ ಹಾಕಲ್ಪಟ್ಟ ಮಗು ಸಂಜೆ ಅದೇ ಸಹಪಾಠಿಗಳೊಡನೆ ಬೀದಿಯಲ್ಲಿ ಆಡುತ್ತಿತ್ತು. ಹೀಗೆ ರೋಗವೂ ನಿಲ್ಲಲಿಲ್ಲ, ವಿದ್ಯೆಯೂ ದೊರೆಯಲಿಲ್ಲ. ತಲೆಯ ಹುಣ್ಣಿನ ಕಾರಣದಿಂದ ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಲ್ಪಟ್ಟು, ಹನ್ನೆರಡು ವರ್ಷವಾದರೂ ಓದಲು ಬಾರದೆ ಉಳಿದ ಬಾಲಕನೊಬ್ಬನ ವಿಷಯವನ್ನು ವಾಲ್ಡ್ ಅವರು ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಅವನಿಗೆ ಬೇಕಾಗಿದ್ದುದು ಒಂದಿಷ್ಟು ಮುಲಾಮು ಮತ್ತು ಅದನ್ನು ದಿನವೂ ಹಚ್ಚುವ ಒಂದು ಕೈ, ಇಷ್ಟೇ.

ಒಬ್ಬ ದಾದಿಯನ್ನು ಒಂದು ತಿಂಗಳ ಮಟ್ಟಿಗೆ ಕೊಡುತ್ತೇವೆ, ಪರೀಕ್ಷಿಸಿ ನೋಡಿರಿ ಎಂದು ವಾಲ್ಡ್ ಅವರು ನಗರದ ಅಧಿಕಾರಿಗಳ ಮುಂದೆ ಸಲಹೆಯಿಟ್ಟರು. ಅದರಂತೆ 1902ರ ಅಕ್ಟೋಬರ್ ತಿಂಗಳಲ್ಲಿ ಲೀನಾ ರಾಜರ್ಸ್ ನಾಲ್ಕು ಶಾಲೆಗಳ ಸುಮಾರು 10,000 ಮಕ್ಕಳ ಆರೈಕೆಯನ್ನು ಕೈಗೊಂಡರು. ಸಣ್ಣಪುಟ್ಟ ರೋಗಗಳಿಗೆ ಶಾಲೆಯಲ್ಲಿಯೇ ಔಷಧಿ ಹಚ್ಚಿ ಮಗುವನ್ನು ತರಗತಿಗೆ ಕಳುಹಿಸುತ್ತಿದ್ದರು. ಮನೆಯಲ್ಲಿಯೇ ಉಳಿದ ಮಕ್ಕಳನ್ನು ಹುಡುಕಿಕೊಂಡು ಹೋಗಿ, ತಲೆ ತೊಳೆಯುವ ಬಗೆಯನ್ನೂ ಔಷಧಿ ಹಚ್ಚುವ ಕ್ರಮವನ್ನೂ ತಾಯಂದಿರಿಗೆ ತಾವೇ ಮಾಡಿ ತೋರಿಸುತ್ತಿದ್ದರು. ಗದರಿಕೆಯ ಚೀಟಿ ಸಾಧಿಸಲಾರದುದನ್ನು ಈ ಗೃಹಸಂದರ್ಶನ ಸಾಧಿಸಿತು.

ತಿಂಗಳು ತುಂಬುವಷ್ಟರಲ್ಲಿ ಪ್ರಯೋಗದ ಸಾರ್ಥಕತೆ ಎಲ್ಲರಿಗೂ ಮನವರಿಕೆಯಾಯಿತು. ನಗರಾಡಳಿತವು ಇನ್ನೂ ಹಲವು ದಾದಿಯರನ್ನು ನೇಮಿಸಿ, ರಾಜರ್ಸ್ ಅವರನ್ನೇ ಮೇಲ್ವಿಚಾರಕಿಯನ್ನಾಗಿ ಮಾಡಿತು. 1902ರ ಸೆಪ್ಟೆಂಬರಿನಲ್ಲಿ ಶಾಲೆಯಿಂದ ಹೊರಗೆ ಕಳುಹಿಸಲ್ಪಟ್ಟ ಮಕ್ಕಳ ಸಂಖ್ಯೆ 10,567 ಆಗಿತ್ತು. ಮರುವರ್ಷ ಅದೇ ತಿಂಗಳಲ್ಲಿ ಅದು 1,101ಕ್ಕೆ ಇಳಿದಿತ್ತು. 1910ರಲ್ಲಿ ಸ್ವದೇಶಕ್ಕೆ ಮರಳಿದ ಆಕೆ ಟೊರಾಂಟೋ ಶಾಲೆಗಳಲ್ಲಿಯೂ ಈ ಸೇವೆಯನ್ನು ಸಂಘಟಿಸಿದರು. ಅಲ್ಲಿ ಶಾಲಾ ವೈದ್ಯರಾಗಿದ್ದ ಸ್ಟ್ರದರ್ಸ್ ಅವರನ್ನು ವಿವಾಹವಾದ ಬಳಿಕ, 1917ರಲ್ಲಿ ಶಾಲಾದಾದಿಯ ಕರ್ತವ್ಯಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1946ರಲ್ಲಿ ನಿಧನ ಹೊಂದಿದರು.

ಅನೇಕ ವರ್ಷ ಶಾಲೆಯ ಹಾಜರಿ ಪುಸ್ತಕಕ್ಕೆ ರುಜು ಹಾಕಿದವರು ನಾವು. ಗೈರುಹಾಜರಿಯ ಗುರುತನ್ನು ಕಂಡು ಮಗುವನ್ನು ಗದರಿದ್ದುಂಟು. ಆ ಗುರುತಿನ ಹಿಂದಿರುವ ಮನೆಯ ಬಾಗಿಲನ್ನು ತಟ್ಟಿದ್ದು ಕಡಿಮೆ. ಈ ದಾದಿಯ ಚರಿತ್ರೆಯನ್ನು ಬರೆಯುವಾಗ ನಮ್ಮನ್ನು ಹೆಚ್ಚಾಗಿ ಕಾಡಿದ್ದು ಇದೇ. ನಮ್ಮ ಮುಂದಿನವರಾದರೂ ಮೊದಲು ಬಾಗಿಲು ತಟ್ಟಲಿ, ಆಮೇಲೆ ಗುರುತು ಹಾಕಲಿ.