ಮಗ್ಗಕ್ಕೆ ಹೇಳಿಕೊಟ್ಟವರು ಯಾರು?

ಚೆನ್ನೈನಲ್ಲಿ ಕೂವಂ ನದಿ ಬಳಸಿ ಹರಿಯುವ ಕಡೆ ಚಿಂತಾದ್ರಿಪೇಟೆ ಇದೆ. ಹೆಸರಿನ ಮೂಲ ‘ಚಿನ್ನ ತರಿ ಪೇಟ್ಟೈ’ ಎನ್ನುತ್ತಾರೆ. ತಮಿಳಿನಲ್ಲಿ ತರಿ ಎಂದರೆ ಮಗ್ಗ. 1734ರಲ್ಲಿ, ಗವರ್ನರ್ ಜಾರ್ಜ್ ಮಾರ್ಟನ್ ಪಿಟ್ ಕಾಲದಲ್ಲಿ, ಈಸ್ಟ್ ಇಂಡಿಯಾ ಕಂಪನಿ ನೂಲುವವರನ್ನೂ ನೇಕಾರರನ್ನೂ ಕರೆತಂದು ಇಲ್ಲಿ ನೆಲೆಗೊಳಿಸಿತು. ಕಂಪನಿ ಕೊಡುತ್ತಿದ್ದುದು ಬಟ್ಟೆಯ ಮಾದರಿ ತುಂಡು, ಅಳತೆ, ಬೆಲೆ. ನೇಯುವ ಬಗೆ ಮಾತ್ರ ನೇಕಾರನ ಕೈಯಲ್ಲೇ ಇತ್ತು. ಯಂತ್ರ ತಾನಾಗಿ ನಡೆಯಲು ಕಲಿತ ಕಥೆ ಶುರುವಾಗುವುದು, ಆ ಬಗೆ ಕೈಯಿಂದ ಹೊರಗೆ ಬಂದಾಗ.

ಅದರ ಮೊದಲ ಹೆಜ್ಜೆ ಹಬೆಯದಲ್ಲ, ದಾರದ್ದು. ಚೆನ್ನೈಗೆ ಎಪ್ಪತ್ತು ಕಿಲೋಮೀಟರ್ ದೂರದ ಕಾಂಚೀಪುರದ ಹಳೆಯ ಮಗ್ಗಗಳಲ್ಲಿ ‘ಅಡೈ’ ಎಂಬ ದಾರದ ಕಟ್ಟು ಇರುತ್ತಿತ್ತು. ಯಾವ ಸಾಲಿಗೆ ಹಾಸಿನ ಯಾವ ಎಳೆ ಮೇಲೇಳಬೇಕೆಂಬುದನ್ನು ಅದರಲ್ಲಿ ಮೊದಲೇ ಕಟ್ಟಿಡುತ್ತಿದ್ದರು. ಪಕ್ಕದ ಸಹಾಯಕ ಒಂದೊಂದೇ ಕಟ್ಟನ್ನು ಎತ್ತಿಕೊಟ್ಟಂತೆ ನೇಕಾರ ಲಾಳಿ ಹಾಯಿಸುತ್ತಿದ್ದ. ಸೆರಗಿನ ಹೂವು ಆಗಲೇ ನೆನಪಿನಿಂದ ದಾರಕ್ಕೆ ಇಳಿದಿತ್ತು. ಅದನ್ನು ಓದಲು ಮಾತ್ರ ಮನುಷ್ಯ ಬೇಕಿತ್ತು.

ಆ ಓದುವ ಕೆಲಸವನ್ನೂ ಯಂತ್ರಕ್ಕೆ ಕೊಟ್ಟದ್ದು ಫ್ರಾನ್ಸಿನ ಲಿಯಾನ್. 1725ರಲ್ಲಿ ಬೂಶೋಂ ತೂತು ಹೊಡೆದ ಕಾಗದದ ಸುರುಳಿ ಬಳಸಿದ. 1804ರ ಹೊತ್ತಿಗೆ ಜಕಾರ್ಡ್ ಕಾರ್ಡುಗಳ ಸರಪಳಿಯನ್ನು ಪಳಗಿಸಿದ. ತೂತಿದ್ದಲ್ಲಿ ಸೂಜಿ ತೂರಿಹೋಗಿ, ಅದರ ಕೊಕ್ಕೆಯ ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಪಕ್ಕದ ಸಹಾಯಕ ಬೇಡವಾದ. ಮುಂದೆ ಕಾಂಚಿಯಲ್ಲೂ ಅಡೈ ಜಾಗಕ್ಕೆ ಜಕಾರ್ಡ್ ಬಂತು.

1952ರಲ್ಲಿ ಅಮೆರಿಕದ ಎಂಐಟಿ, ತೂತಿನ ಟೇಪು ಓದಿ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿತು. ಇಂದಿನ ಸಿಎನ್‌ಸಿ ಯಂತ್ರಗಳ ಹಿರಿಯಜ್ಜ ಅದು. ಆದರೆ ಅದಕ್ಕೂ ಮೊದಲೇ ಜನರಲ್ ಎಲೆಕ್ಟ್ರಿಕ್ ಬೇರೊಂದು ದಾರಿ ಹಿಡಿದಿತ್ತು: ನುರಿತ ಕೆಲಸಗಾರ ಒಂದು ಭಾಗವನ್ನು ಕೈಯಾರೆ ಮಾಡುವಾಗ ಅವನ ಚಲನೆಗಳನ್ನೇ ಟೇಪಿನಲ್ಲಿ ಹಿಡಿದು, ಯಂತ್ರದಿಂದ ಮರಳಿ ಮಾಡಿಸುವುದು. ಆ ದಾರಿ ಹಿಂದೆ ಬಿತ್ತು. ಗೆದ್ದ ದಾರಿಯಲ್ಲಿ ಸೂಚನೆ ಬರೆಯುವವನು ಆಫೀಸಿನಲ್ಲಿ ಕೂತ. ಯಂತ್ರದ ಮುಂದಿನವನು ಕಾವಲಿಗೆ ನಿಂತ.

ಯಂತ್ರ ಬಂದದ್ದೇ ತಪ್ಪು ಎನ್ನಲಾಗದು. ಮಗ್ಗದ ಪಕ್ಕ ದಿನವಿಡೀ ದಾರ ಎತ್ತಿದವರನ್ನು ಕೇಳಿದ್ದರೆ, ಜಕಾರ್ಡ್ ಬಂದದ್ದು ಒಳ್ಳೆಯದೇ ಆಯಿತು ಎನ್ನುತ್ತಿದ್ದರೇನೋ. ಆದರೆ ಅಡೈ ಕಟ್ಟಿದವನಿಗೆ ಮಗ್ಗ ಗೊತ್ತಿರಲೇಬೇಕಿತ್ತು. ಕಾರ್ಡು ಹೊಡೆಯುವವನಿಗೆ ಆ ಕಟ್ಟಳೆ ಇಲ್ಲ. ಕಾರ್ಡಿನ ಕಂತೆ ಯಾರ ಮನೆಯಲ್ಲಿದೆಯೋ ವಿನ್ಯಾಸ ಅವರದು. ಚಿಂತಾದ್ರಿಪೇಟೆಯ ನೇಕಾರನ ಹತ್ತಿರ ಕಂಪನಿಗೆ ಕೊಡದೆ ಉಳಿಸಿಕೊಂಡದ್ದು ಒಂದಿತ್ತು. ಅದು ಈಗ ಯಾರ ಹತ್ತಿರ ಇದೆ ಎಂದು ಪ್ರತಿ ಹೊಸ ಯಂತ್ರದ ಮುಂದೆಯೂ ಕೇಳಬೇಕಾಗುತ್ತದೆ.